ಮಳೆಗಾಲಕ್ಕೆ ಹಳೆ ಹಾಲಿವುಡ್: ಹೆನ್ರಿ ಫಾಂಡಾ ಅವರಿಂದ ಶುರು ಮಾಡಿ

ವರ್ಷದ ತಿರುಗಾಟ ಮುಗಿಯುವ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು ಅಂದರೆ ನಮ್ಮ ಮನೆಯಲ್ಲಿ ಹಳೆ ಹಾಲಿವುಡ್ ಸಿನಿಮಾಗಳ ತಿರುಗಾಟ ಶುರು. ಉಡುಪಿಯ ಅಂಬಲಪಾಡಿಯಲ್ಲಿ ನಮ್ಮದು ಹಂಚಿನ ಮನೆ. ನೋಡುವವರು ನಾನು ಮತ್ತು ಅತ್ತೆ. ತೊಂಬತ್ತರ ದಶಕದಲ್ಲಿ ಕೇಬಲ್‌ನಲ್ಲಿ ಕಾರ್ಟೂನ್ ಮುಗಿದ ಮೇಲೆ ಅದೇ ಚಾನೆಲ್‌ನಲ್ಲಿ ಟಿಎನ್‌ಟಿ ಅನ್ನುವ ಹಳೆ ಇಂಗ್ಲಿಷ್ ಸಿನಿಮಾಗಳ ಚಾನೆಲ್ ಬರುತ್ತಿತ್ತಲ್ಲ, ನನಗೆ ಈ ಪ್ರೀತಿ ಅಂಟಿದ್ದು ಅಲ್ಲಿಂದ. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಯಕ್ಷಗಾನದ ಆಟ ನೋಡಿ ನೋಡಿ ಪಳಗಿದ ಕಣ್ಣು ಅವರದ್ದು.

ಎಲ್ಲಿಂದ ಶುರು ಮಾಡುವುದು ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ. ಸಿನಿಮಾ ಆರಿಸಬೇಡಿ, ಕಲಾವಿದರನ್ನು ಆರಿಸಿ. ಆಟಕ್ಕೆ ಹೊರಡುವಾಗ ಪ್ರಸಂಗದ ಹೆಸರು ಕೇಳಿದ ಕೂಡಲೇ "ಕರ್ಣ ಯಾರದ್ದು?" ಅಂತ ಕೇಳುತ್ತೇವೆ ಅಲ್ವಾ? ಅದೇ ಲೆಕ್ಕ. ಆಗಿನ ಹಾಲಿವುಡ್ ನಡೆದದ್ದೂ ಮೇಳದ ಹಾಗೆಯೇ. ಸ್ಟುಡಿಯೋಗಳು ಕಲಾವಿದರನ್ನು ಏಳು ವರ್ಷದ ಕರಾರಿಗೆ ಇಟ್ಟುಕೊಳ್ಳುತ್ತಿದ್ದವು. ಸಂಬಳ ಅವರದ್ದು, ಯಾವ ವೇಷ ಅಂತ ಹೇಳುವವರೂ ಅವರೇ. ಹಾಗಾಗಿ ಒಬ್ಬರನ್ನು ಹಿಂಬಾಲಿಸಿದರೆ ಇಡೀ ಮೇಳದ ಪರಿಚಯ ಆಗುತ್ತದೆ.

ನಾನು ಕೈ ತೋರಿಸುವುದು ನಟ ಹೆನ್ರಿ ಫಾಂಡಾ ಅವರತ್ತ.

ಮೊದಲು 1957ರ '12 ಆಂಗ್ರಿ ಮೆನ್' ನೋಡಿ. ಬರೀ 96 ನಿಮಿಷ. ಕೊಲೆ ಆರೋಪದ ಹುಡುಗನೊಬ್ಬನ ಹಣೆಬರಹ ತೀರ್ಮಾನಿಸಲು ಜೂರಿಯ ಹನ್ನೆರಡು ಮಂದಿ, ಅಂದರೆ ತೀರ್ಪು ಹೇಳಲು ಕೋರ್ಟು ಕರೆಸಿದ ಸಾಮಾನ್ಯ ಜನ, ಒಂದು ಕೋಣೆಯಲ್ಲಿ ಕೂತಿದ್ದಾರೆ. ಹನ್ನೊಂದು ಮಂದಿ ಅಪರಾಧಿ ಅನ್ನುತ್ತಾರೆ, ಫಾಂಡಾ ಒಬ್ಬರೇ ಇಲ್ಲ ಅನ್ನುತ್ತಾರೆ. ಕುಣಿತ ಇಲ್ಲ, ವೇಷ ಇಲ್ಲ, ಬರೀ ಮಾತು. ಅರ್ಧ ಗಂಟೆ ಆಗುವಾಗ ಅತ್ತೆ ನನ್ನ ಕೈ ಹಿಡಿದು, "ಇದು ತಾಳಮದ್ದಳೆಯೇ ಅಲ್ವಾ ಮಗಾ?" ಅಂದರು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ಯಕ್ಷಗಾನವೇ ತಾಳಮದ್ದಳೆ. ಆ ಮಾತಿಗೆ ನನಗೆ ಮೈ ಜುಂ ಅಂದಿತು. ಇಪ್ಪತ್ತು ವರ್ಷದಿಂದ ನೋಡುತ್ತಿರುವ ಸಿನಿಮಾ, ನನಗೆ ಹೊಳೆದಿರಲಿಲ್ಲ. ಕೋಪದ ಪಾತ್ರ ಮಾಡಿದ ಲೀ ಜೆ. ಕಾಬ್ ಎಷ್ಟು ಕಿರುಚಿದರೂ ಫಾಂಡಾ ಸ್ವರ ಏರಿಸುವುದು ಕಡಿಮೆ. ಎದುರಿನವರ ಮಾತಿನಲ್ಲೇ ಹಿಡಿತ ಹುಡುಕುತ್ತಾರೆ. ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಒಳ್ಳೆಯ ಅರ್ಥಧಾರಿಯ ಗುಣ ಅದು. ಕ್ಯಾಮೆರಾ ಮೇಲೂ ಒಂದು ಕಣ್ಣಿರಲಿ. ನಿರ್ದೇಶಕ ಸಿಡ್ನಿ ಲ್ಯೂಮೆಟ್ ಮೊದಲು ಮೇಲಿನಿಂದ ತೋರಿಸುತ್ತಾರೆ, ಆಮೇಲೆ ಕಣ್ಣಿನ ಮಟ್ಟಕ್ಕೆ ಬರುತ್ತಾರೆ, ಕೊನೆಗೆ ಕೆಳಗಿನಿಂದ. ಕೋಣೆಯ ಚಾವಣಿ ಕಾಣಲು ಶುರುವಾದಾಗ ನಮಗೂ ಉಸಿರು ಕಟ್ಟಿದ ಹಾಗೆ ಆಗುತ್ತದೆ.

ಎರಡನೆಯದು 1940ರ 'ದಿ ಗ್ರೇಪ್ಸ್ ಆಫ್ ರಾತ್'. ಭೂಮಿ ಕಳೆದುಕೊಂಡ ಒಕ್ಲಹೋಮಾದ ರೈತ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಕತೆ. ಈ ಪಾತ್ರ ಸಿಗಬೇಕು ಅಂತಲೇ ಫಾಂಡಾ ಫಾಕ್ಸ್ ಸ್ಟುಡಿಯೋದ ಏಳು ವರ್ಷದ ಕರಾರಿಗೆ ಸಹಿ ಹಾಕಿದರು. ಆದರೆ ಇದರಲ್ಲಿ ನೀವು ಕಾಯಬೇಕಾದದ್ದು ತಾಯಿಯ ಪಾತ್ರದ ಜೇನ್ ಡಾರ್ವೆಲ್ ಅವರಿಗೆ. ಮನೆ ಬಿಡುವ ಮೊದಲು ಅವರು ಹಳೆ ಕಾಗದಗಳನ್ನು ಒಲೆಗೆ ಹಾಕುತ್ತಾರೆ. ಒಂದು ಜೊತೆ ಬೆಂಡೋಲೆ ಕಿವಿಗೆ ಹಿಡಿದು ಕನ್ನಡಿ ನೋಡುತ್ತಾರೆ. ಮಾತೇ ಇಲ್ಲ. ಆ ಹೊತ್ತಿಗೆ ಚಾ ತರಲು ಏಳಬೇಡಿ.

ಆಮೇಲೆ ನಗಲಿಕ್ಕೆ 1941ರ 'ದಿ ಲೇಡಿ ಈವ್'. ಹಡಗಿನಲ್ಲಿ ಇಸ್ಪೀಟು ಆಡಿ ಮೋಸ ಮಾಡುವ ಹೆಂಗಸಾಗಿ ಬಾರ್ಬರಾ ಸ್ಟಾನ್ವಿಕ್, ಹಾವುಗಳ ಹುಚ್ಚಿನ ಶ್ರೀಮಂತ ಹುಡುಗನಾಗಿ ಫಾಂಡಾ. 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಕೊನೆಗೇ ಇರಲಿ. ಅದರಲ್ಲಿ ಅವರು ಕ್ರೂರಿ. ಸಜ್ಜನನ ವೇಷಗಳನ್ನು ಮೊದಲು ನೋಡಿದ್ದರೆ ಮಾತ್ರ ಆ ನೀಲಿ ಕಣ್ಣಿಗೆ ಹೆದರಿಕೆ ಆಗುತ್ತದೆ.

ಟೀವಿಯನ್ನು ಸ್ವಲ್ಪ ತಿದ್ದಬೇಕು. 1953ಕ್ಕಿಂತ ಹಿಂದಿನ ಸಿನಿಮಾಗಳ ಚಿತ್ರ ಹೆಚ್ಚುಕಡಿಮೆ ಚೌಕ. ಪರದೆ ತುಂಬಲಿ ಅಂತ ಎಳೆದರೆ ಮುಖ ಅಗಲ ಆಗುತ್ತದೆ, ಜೂಮ್ ಮಾಡಿದರೆ ತಲೆ ಕತ್ತರಿಸುತ್ತದೆ. ಪಿಕ್ಚರ್ ಸೈಜನ್ನು 'ಒರಿಜಿನಲ್'ಗೆ ಇಡಿ. ಎರಡು ಬದಿ ಕಪ್ಪು ಪಟ್ಟಿ ಬಂದರೆ ಸರಿ ಉಂಟು ಅಂತ ಅರ್ಥ. ಮೋಷನ್ ಸ್ಮೂದಿಂಗ್ ಬಂದ್ ಮಾಡಿ. ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ (ಫ್ರೇಮ್). ಟೀವಿ ನಡುವೆ ತನ್ನದೇ ಚೌಕಟ್ಟುಗಳನ್ನು ಸೇರಿಸಿದರೆ ಎಲ್ಲ ಧಾರಾವಾಹಿಯ ಹಾಗೆ ಕಾಣುತ್ತದೆ. ಕಪ್ಪು ಬಿಳುಪಿನ ಸಿನಿಮಾಕ್ಕೆ ಆಮೇಲೆ ಬಣ್ಣ ಹಚ್ಚಿದ ಪ್ರತಿ ಖಂಡಿತ ಬೇಡ. ಸಬ್‌ಟೈಟಲ್ ಬೇಕೇ ಬೇಕು. ಆಗಿನವರ ಮಾತು ವೇಗ, ನಮ್ಮ ಹಂಚಿನ ಮೇಲೆ ಬೀಳುವ ಮಳೆಯ ಶಬ್ದವೂ ಕಡಿಮೆ ಅಲ್ಲ. ಇಂಗ್ಲಿಷ್ ಬಾರದವರು ಜೊತೆಗಿದ್ದರೆ ಯಾರು ಯಾರು ಅಂತ ಮೊದಲೇ ಮೂರು ಮಾತಿನಲ್ಲಿ ಹೇಳಿ, ಆಮೇಲೆ ಸುಮ್ನೆ ಕೂತುಕೊಳ್ಳಿ. ಆಗಾಗ ನಿಲ್ಲಿಸಿ ವಿವರಿಸಿದರೆ ರಸ ಹೋಗುತ್ತದೆ.

ಒಂದು ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ಸಣ್ಣ ವೇಷದವರ ಹೆಸರು ಬರೆಯಿರಿ. 'ದಿ ಲೇಡಿ ಈವ್'ನಲ್ಲಿ ಫಾಂಡಾ ಅವರ ಅಪ್ಪನಾಗಿ ಬರುವ ಯೂಜೀನ್ ಪ್ಯಾಲೆಟ್ ಅವರ ಗೊಗ್ಗರು ಸ್ವರ ಅತ್ತೆಗೆ ಬಹಳ ಹಿಡಿಸಿತು. ಅವರನ್ನು ಹುಡುಕಿಕೊಂಡು 1938ರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್'ಗೆ ಹೋದೆವು. ಅಲ್ಲಿ ನಾಯಕಿ ಒಲಿವಿಯಾ ಡಿ ಹ್ಯಾವಿಲೆಂಡ್. ಒಲ್ಲದ ಪಾತ್ರ ಬಿಟ್ಟರೆ ಸ್ಟುಡಿಯೋ ಅಮಾನತು ಮಾಡಿ, ಆ ದಿನಗಳನ್ನೂ ಕರಾರಿಗೆ ಸೇರಿಸುತ್ತಿತ್ತು. ಒಲಿವಿಯಾ ತಮ್ಮ ಸ್ಟುಡಿಯೋ ವಾರ್ನರ್ ವಿರುದ್ಧ ಕೋರ್ಟಿಗೆ ಹೋದರು. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳೇ ವರ್ಷ ಅಂತ 1944ರಲ್ಲಿ ತೀರ್ಪು ಬಂತು. ಅದನ್ನು ಕೇಳಿದ ಮೇಲೆ ಅತ್ತೆಗೆ ಈಗ ಅವರದ್ದೇ ಧ್ಯಾನ. ಈ ಶನಿವಾರ ರಾತ್ರಿ ಊಟ ಬೇಗ ಮುಗಿಸಿ ಅವರು ನಟಿಸಿದ 1949ರ 'ದಿ ಏರೆಸ್' ಹಾಕಬೇಕಂತೆ.