ಆನೆ ತುಳಿದ ದಿನದ ಬಂದೋಬಸ್ತ್

ಹಾಸನ ಜಿಲ್ಲೆಯಲ್ಲಿ ಪೊಲೀಸ್ ಕೆಲಸ ಮಾಡಿದವರಿಗೆ ಎರಡು ಥರದ ಗುಂಪು ಚೆನ್ನಾಗಿ ಗೊತ್ತು. ಒಂದು ಹಾಸನಾಂಬೆ ದರ್ಶನದ ಸಾಲು. ಇನ್ನೊಂದು, ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ತುಳಿದು ಯಾರಾದರೂ ಸತ್ತ ದಿನ ಹೆಣ ಇಟ್ಟುಕೊಂಡು ರಸ್ತೆಯಲ್ಲಿ ಕೂರುವ ಜನ. ನಾನೀಗ ನಿವೃತ್ತ. ಸರ್ವಿಸ್‌ನಲ್ಲಿದ್ದಾಗ ಈ ಎರಡನೇ ಥರದ ಬಂದೋಬಸ್ತೇ ನನಗೆ ಜಾಸ್ತಿ ಸಿಕ್ಕಿತು. ಲಾಠಿ ಎತ್ತದೆ ಮುಗಿದವೂ ಇವೆ, ಎತ್ತಿದವೂ ಇವೆ. ಹೇಗೆ ಮಾಡ್ತಿದ್ರಿ ಸಾರ್ ಅಂತ ಹೊಸ ಪಿಎಸ್ಐಗಳು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಸುದ್ದಿ ಬಂದ ಕೂಡಲೇ ಎಲ್ಲರೂ ಮೊದಲು ಫೋರ್ಸ್ ಕೇಳುತ್ತಾರೆ. ನಾನು ಮೊದಲು ಕೇಳುತ್ತಿದ್ದದ್ದು ಅರಣ್ಯ ಇಲಾಖೆಯ ದೊಡ್ಡ ಅಧಿಕಾರಿ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ. "ಡಿಎಫ್ಒ ಬರೋಗಂಟ ಹೆಣ ಎತ್ತಕ್ಕೆ ಬಿಡಲ್ಲ ಸಾರ್" ಅಂತ ಊರವರು ಹೇಳಿದರೆ, ಅದನ್ನು ಹಾಗೇ ನಂಬಬೇಕು. ಅವರು ಬೇಗ ಬಂದು ಪರಿಹಾರದ ಮಾತು, ಆನೆ ಓಡಿಸುವ ಮಾತು ಜನರ ಮುಂದೆಯೇ ಆಡಿದರೆ ಅರ್ಧ ಕೆಲಸ ಮುಗಿಯಿತು. ಸಂಜೆ ಮಾಡಿದರೆ ಅಕ್ಕಪಕ್ಕದ ಊರಿನವರು, ಪಕ್ಷದವರು, ಕುಡಿದವರು ಎಲ್ಲ ಸೇರಿಕೊಳ್ಳುತ್ತಾರೆ. ಆಮೇಲೆ ಏಟು ತಿನ್ನುವುದು ಸತ್ತವನ ತಮ್ಮಂದಿರು, ಕಲ್ಲು ತಿನ್ನುವುದು ಪೇದೆಗಳು.

ಜನ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲೇ, ಅಂದರೆ ರಾಷ್ಟ್ರೀಯ ಹೆದ್ದಾರಿ 75ರಲ್ಲೇ ಕೂತರೆ ಕಷ್ಟ ಬೇರೆ ಥರ. ಲಾರಿ, ಬಸ್ಸು ಮೈಲಿಗಟ್ಟಲೆ ನಿಲ್ಲುತ್ತವೆ. "ಕ್ಲಿಯರ್ ಆಯ್ತೇನ್ರೀ?" ಅಂತ ಮೇಲಿನಿಂದ ಫೋನ್ ಮೇಲೆ ಫೋನ್. ನಾನು ಕಂಡ ಹಾಗೆ ಎಷ್ಟೋ ಲಾಠಿ ಪ್ರಹಾರ ಶುರುವಾಗುವುದು ಈ ಫೋನಿನಿಂದ. ಹಾಗಾಗಿ ಗಾಡಿಗಳು ಅಲ್ಲಿಗೆ ಬಂದು ಸೇರದ ಹಾಗೆ ನೋಡಿಕೊಳ್ಳುತ್ತಿದ್ದೆ. ಲಾರಿಗಳನ್ನು ಈ ಕಡೆ ಹಾಸನದ ಹತ್ತಿರ, ಆ ಕಡೆ ಶಿರಾಡಿ ಘಾಟಿಯ ಕೆಳಗೆ ಗುಂಡ್ಯದಲ್ಲಿ ತಡೆಯಲು ಹೇಳುವುದು. ಸಣ್ಣ ಗಾಡಿಗಳನ್ನು ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿಗೆ ಕಳಿಸುವುದು. ಆಂಬುಲೆನ್ಸ್‌ಗೆ ದಾರಿ ಬಿಡಿ ಅಂದರೆ ಜನ ಯಾವತ್ತೂ ಬಿಟ್ಟಿದ್ದಾರೆ. ಕೇಳುವ ರೀತಿ ಇರಬೇಕು, ಅಷ್ಟೇ.

ಜನರ ಮುಂದೆ ನಿಲ್ಲುವವರು ಅದೇ ಠಾಣೆಯ ಸಿಬ್ಬಂದಿ, ಊರವರ ಹೆಸರು ಗೊತ್ತಿರುವವರು. ಹೆಣದ ಪಕ್ಕ ಕೂತ ಹೆಂಗಸರ ಹತ್ತಿರ ಮಹಿಳಾ ಪೇದೆಗಳು. ಡಿಎಆರ್, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ವ್ಯಾನು ರಸ್ತೆಯ ತಿರುವಿನಾಚೆ, ಕಣ್ಣಿಗೆ ಬೀಳದ ಹಾಗೆ. ಹೆಲ್ಮೆಟ್, ಶೀಲ್ಡ್ ಕಂಡರೆ ಹುಡುಗರು ಕಲ್ಲು ಹುಡುಕಲು ಶುರು ಮಾಡುತ್ತಾರೆ. ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ಹಿಡಿಯಲ್ಲ: ಪೇದೆಗಳ ತಿಂಡಿ. ಬೆಳಗಿನ ಜಾವ ಎದ್ದು ಬಂದು, ಮಧ್ಯಾಹ್ನದವರೆಗೆ ನೀರೂ ಇಲ್ಲದೆ ಬೈಗುಳ ಕೇಳುತ್ತಾ ನಿಂತವನಿಗೆ ಸಂಯಮ ಇಟ್ಟುಕೋ ಅಂತ ಬ್ರೀಫಿಂಗ್ ಕೊಟ್ಟು ಏನು ಪ್ರಯೋಜನ? ಆಗಾಗ ಮುಂದಿನ ಸಾಲು ಹಿಂದಕ್ಕೆ ಕರೆಸಿ ಚಿತ್ರಾನ್ನವೋ ಉಪ್ಪಿಟ್ಟೋ ಕೊಡಿಸುತ್ತಿದ್ದೆ.

ಎಲ್ಲಕ್ಕಿಂತ ಮುಖ್ಯ, ಹೋಗಲು ದಾರಿ. ನಮ್ಮ ಮಲೆನಾಡಿನ ರಸ್ತೆ ಹೇಗಿರುತ್ತದೆ ನೋಡಿ. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಕಾಫಿ ತೋಟದ ಮುಳ್ಳುತಂತಿ ಬೇಲಿ. ಉಳಿದ ಎರಡು ದಿಕ್ಕಿನಲ್ಲೂ ಪೊಲೀಸರೇ ನಿಂತರೆ, ಚದುರಿ ಅಂತ ಹೇಳಿದಾಗ ಜನ ಎಲ್ಲಿಗೆ ಚದುರಬೇಕು? ಬೇಲಿ ಮೇಲೆ ಬೀಳುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಊರಿನ ಕಡೆಯ ರಸ್ತೆಯಲ್ಲಿ ಒಬ್ಬ ಪೇದೆಯನ್ನೂ ನಾನು ನಿಲ್ಲಿಸುತ್ತಿರಲಿಲ್ಲ. ಅಧಿಕಾರಿಗಳ ಜೀಪುಗಳನ್ನೂ ಆ ಕಡೆ ನಿಲ್ಲಿಸಲು ಬಿಡುತ್ತಿರಲಿಲ್ಲ.

ನಾನಿದ್ದಾಗ ಗುಂಪು ಚದುರಿಸುವ ಅಧಿಕಾರ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 129ರಲ್ಲಿತ್ತು. 2024ರ ಜುಲೈ 1ರಿಂದ ಅದು ಹೊಸ ಕಾನೂನಾದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 148. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ ಆದೇಶ ಕೊಡಬೇಕು. ಠಾಣಾಧಿಕಾರಿ ಇಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದವರು ಕೊಡಬಹುದು. ಆದೇಶ ಕೊಟ್ಟರೂ ಜನ ಹೋಗದಿದ್ದರೆ ಬಲ. ಹೋಗಲ್ಲ ಅಂತ ಅವರ ನಡತೆಯಲ್ಲೇ ಕಂಡರೆ ಆದೇಶವಿಲ್ಲದೆಯೂ ಬಲ ಬಳಸಲು ಕಾನೂನಿನಲ್ಲಿ ಅವಕಾಶ ಇದೆ. ನಾನು ಅದರ ಆಸರೆ ಹಿಡಿಯಲಿಲ್ಲ. ಮೈಕ್‌ನಲ್ಲಿ ಮೂರು ಸಲ, ನಿಧಾನವಾಗಿ, ಯಾವ ದಾರಿಯಲ್ಲಿ ಹೋಗಬೇಕು ಅಂತಲೂ ಹೇಳಿ, ನಡುವೆ ಸಮಯ ಕೊಟ್ಟು, ಎಲ್ಲ ವಿಡಿಯೊ ಮಾಡಿಸುತ್ತಿದ್ದೆ. ಪಕ್ಕದಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆಗಿ ತಹಶೀಲ್ದಾರ್ ಇರಲೇಬೇಕು. 2011ರ ಜೂನ್‌ನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರನ್ನು ಪೊಲೀಸರು ನಡುರಾತ್ರಿ ಎಬ್ಬಿಸಿ ಓಡಿಸಿದ್ದನ್ನು ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ತರಾಟೆಗೆ ತೆಗೆದುಕೊಂಡಿತು. ಬ್ರೀಫಿಂಗ್‌ನಲ್ಲಿ ನಾನು ಹೇಳುತ್ತಿದ್ದ ಉದಾಹರಣೆ ಅದೇ. ರಾತ್ರಿಯಾದರೆ ಕಾಯೋಣ ಕಣ್ರಪ್ಪ, ಬೆಳಗಾಗಲಿ ಅಂತ.

ಲಾಠಿ ಬಳಸಲೇಬೇಕಾದರೆ ಸೊಂಟದ ಕೆಳಗೆ. ಕೂತವರಿಗೆ, ಬಿದ್ದವರಿಗೆ ಇಲ್ಲ. ಸಾಲು ಒಡೆಯಬಾರದು. ಸೀಟಿ ಊದಿದರೆ ಅಲ್ಲೇ ನಿಲ್ಲಬೇಕು. ಓಡುವವನ ಹಿಂದೆ ತೋಟದ ಕೂಲಿಯವರ ಲೈನ್ ಮನೆಗಳಿಗೆ ನುಗ್ಗಿದರೆ ಅದು ಜಗಳ, ಕರ್ತವ್ಯ ಅಲ್ಲ. ಅಶ್ರುವಾಯು ಬಗ್ಗೆ ಜಾಸ್ತಿ ಹೇಳಲ್ಲ. ಘಾಟಿ ಕಡೆ ಗಾಳಿ ಯಾವಾಗ ತಿರುಗುತ್ತದೋ ಗೊತ್ತಾಗಲ್ಲ, ಶೆಲ್ ಅನ್ನು ನೇರವಾಗಿ ಜನರಿಗೆ ಗುರಿ ಇಡಲೇಬಾರದು. ಗಾಳಿಯಲ್ಲಿ ಗುಂಡು ಅಂತ ಪೇಪರಿನಲ್ಲಿ ಸಲೀಸಾಗಿ ಬರೆಯುತ್ತಾರೆ. ಮೇಲೆ ಹೋದ ಗುಂಡು ಎಲ್ಲೋ ಕೆಳಗೆ ಬಂದೇ ಬರುತ್ತದೆ, ಅಲ್ವಾ?

ಮುಗಿದ ಮೇಲೆ ಗಾಯಗೊಂಡವರನ್ನು ನಮ್ಮ ಜೀಪಿನಲ್ಲೇ ಸರ್ಕಾರಿ ಆಸ್ಪತ್ರೆಗೆ ಕಳಿಸಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯ ಅಂತ ಆಸ್ಪತ್ರೆಯಲ್ಲಿ ದಾಖಲು ಮಾಡಿಸುತ್ತಿದ್ದೆ. ಡಾಕ್ಟರ ಗಾಯದ ಪ್ರಮಾಣಪತ್ರವನ್ನು ನಾನೇ ತರಿಸಿ ಓದುತ್ತಿದ್ದೆ. ಗಾಯ ತಲೆಯಲ್ಲಿದ್ದರೆ ನಮ್ಮವರು ಹೇಳಿದ ಮಾತು ಕೇಳಿಲ್ಲ ಅಂತ ಅರ್ಥ. ಬೆನ್ನಿನಲ್ಲಿದ್ದರೆ ಅಟ್ಟಿಸಿಕೊಂಡು ಹೋಗಿ ಹೊಡೆದಿರಬೇಕು. ಯಾರ ತುಕಡಿ ಅಲ್ಲಿತ್ತು ಅಂತ ಅವತ್ತೇ ಕೇಳಿದರೆ ಉತ್ತರ ಸಿಗುತ್ತದೆ. ವಾರ ಬಿಟ್ಟರೆ ಯಾರಿಗೂ ಏನೂ ನೆನಪಿರಲ್ಲ. ನಮ್ಮ ಮೇಲೆ ಕೇಸು ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು. ಹಾಗಾಗಿ ಹೊರಗಿನವರು ಕೇಳಲು ವರ್ಷಗಳೇ ಹಿಡಿಯಬಹುದು. ಒಳಗೆ ನಾವೇ ಕೇಳಬೇಕು.

ಎಫ್‌ಐಆರ್‌ನಲ್ಲಿ "ಮತ್ತು ಇತರರು" ಅಂತ ಸೇರಿಸಿ ಇಡೀ ಊರನ್ನು ಹೆದರಿಸುವ ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ವಿಡಿಯೊದಲ್ಲಿ ಕಲ್ಲು ಎಸೆದದ್ದು ಕಂಡವರ ಹೆಸರು ಸಾಕು. ಸ್ಟೇಷನ್ ಡೈರಿಯಲ್ಲಿ ಎಚ್ಚರಿಕೆ ಕೊಟ್ಟ ಸಮಯ, ಲಾಠಿಗೆ ಆದೇಶವಾದ ಸಮಯ, ಆದೇಶ ಕೊಟ್ಟವರ ಹೆಸರು ಮೂರನ್ನೂ ಅದೇ ರಾತ್ರಿ ಬರೆಸುತ್ತಿದ್ದೆ. ಕೊನೆಯದನ್ನು ಸುಮ್ನೆ ಖಾಲಿ ಬಿಡ್ರೀ ಅಂತ ಹೇಳಿದ ಹಿರಿಯರೂ ಇದ್ದರು. ನಾನು ನನ್ನ ಹೆಸರು ಬರೆಸಿಯೇ ಮನೆಗೆ ಹೋಗುತ್ತಿದ್ದೆ.