ಚಾಲೂ ಆಗದ ಹಳೆಯ ಡೀಸೆಲ್ ಇಂಜಿನ್: ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಹೊಲಗಳಲ್ಲಿ ಒಂದೇ ಸಿಲಿಂಡರಿನ ಹಳೆಯ ಡೀಸೆಲ್ ಇಂಜಿನ್ನುಗಳು ಇನ್ನೂ ಉಳಿದುಕೊಂಡಿವೆ. ತ್ರೀ ಫೇಸ್ ಕರೆಂಟ್ ಕೈಕೊಟ್ಟಾಗ ಕಬ್ಬಿಗೆ ನೀರು ಹಾಯಿಸಲು ಅವೇ ಆಧಾರ. ಮಳೆಗಾಲದುದ್ದಕ್ಕೂ ಸುಮ್ಮನೆ ನಿಂತ ಇಂಜಿನ್ ಬೇಸಿಗೆಯಲ್ಲಿ ಎಷ್ಟು ಹ್ಯಾಂಡಲ್ ಹೊಡೆದರೂ ಚಾಲೂ ಆಗದಿದ್ದಾಗ ಅನೇಕರು ನೇರವಾಗಿ ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚುತ್ತಾರೆ, ಇಲ್ಲವೇ ಡೀಸೆಲ್ ಒತ್ತುವ ಪಂಪನ್ನು ಕಳಚಿಕೊಂಡು ಪೇಟೆಗೆ ಹೋಗುತ್ತಾರೆ. ಇವೆರಡೂ ಕಟ್ಟಕಡೆಗೆ ಮಾಡಬೇಕಾದ ಕೆಲಸಗಳು. ದೋಷ ಎಲ್ಲಿದೆ ಎಂಬುದನ್ನು ಕಿವಿ, ಕಣ್ಣು ಮತ್ತು ಎರಡು ಪಾನಾಗಳಿಂದಲೇ ಬಹುಮಟ್ಟಿಗೆ ಗುರುತಿಸಬಹುದು.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಅದರ ಮೂಲ ಗಾತ್ರದ ಸುಮಾರು ಹದಿನಾರು–ಹದಿನೆಂಟನೇ ಒಂದು ಭಾಗಕ್ಕೆ ಒತ್ತಿದಾಗ ಆ ಗಾಳಿಯೇ ಕಾದು, ಒಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷಿಸಬೇಕಾದದ್ದು ಮೂರೇ: ಡೀಸೆಲ್ ಅದನ್ನು ಸಿಂಪಡಿಸುವ ಮೂತಿಯಾದ ನಾಝಲ್‌ವರೆಗೆ ಬಂದು ಮಂಜಿನಂತೆ ಸಿಡಿಯುತ್ತಿದೆಯೇ, ಗಾಳಿಯನ್ನು ಹೀಗೆ ಒತ್ತುವ ಕಂಪ್ರೆಷನ್ ಇದೆಯೇ, ಡೀಸೆಲ್ ಸರಿಯಾದ ಕ್ಷಣಕ್ಕೆ ಬೀಳುತ್ತಿದೆಯೇ.

ಮೊದಲು ಸುರಕ್ಷತೆಯ ಮಾತು. ಧೋತರದ ಅಂಚು, ಹೆಗಲ ಮೇಲಿನ ಟವೆಲ್ಲು ಬೆಲ್ಟಿನ ಹತ್ತಿರ ಸುಳಿಯಕೂಡದು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಸುತ್ತಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಬೆರಳು ಮುರಿಯುತ್ತದೆ. ಗಾಳಿಯ ಬಾಯಿಗೆ ಪೆಟ್ರೋಲ್ ಸುರಿದು ಚಾಲೂ ಮಾಡುವ ಅಭ್ಯಾಸವನ್ನು ಬಿಡಲೇಬೇಕು, ಏಕೆಂದರೆ ಅದು ಹೊತ್ತಬಾರದ ಹೊತ್ತಿನಲ್ಲಿ ಹೊತ್ತಿ ಪಿಸ್ಟನ್ನನ್ನೂ ಕೈಯನ್ನೂ ಹಾಳುಮಾಡಬಲ್ಲದು.

ನಿಂತ ಇಂಜಿನ್ನಿನ ತೊಂದರೆ ಹೆಚ್ಚಾಗಿ ಡೀಸೆಲ್ ದಾರಿಯಲ್ಲಿಯೇ ಇರುತ್ತದೆ. ಅರ್ಧ ತುಂಬಿದ ಟ್ಯಾಂಕಿನೊಳಗೆ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ, ತುಕ್ಕು ಹುಟ್ಟುತ್ತದೆ, ಹಳೆಯ ಡೀಸೆಲ್ ಅಂಟಾಗುತ್ತದೆ. ಟ್ಯಾಂಕಿನ ತಳದಿಂದ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಇಳಿಸಿ ಕೆಲಹೊತ್ತು ಇಟ್ಟರೆ ನೀರು ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹಾಗೆ ಕಂಡರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ತೊಳೆದು, ಫಿಲ್ಟರ್ ಬದಲಿಸಿ, ಹೊಸ ಡೀಸೆಲ್ ತುಂಬಬೇಕು. ಬಳಿಕ ಸ್ಟಾಪ್ ಲಿವರ್ ಬಂದ್ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿಲ್ಲವೇ ಎಂದು ನೋಡಬೇಕು. ಪಂಪಿನ ರ‍್ಯಾಕ್ (ಡೀಸೆಲ್ ಪ್ರಮಾಣ ಹೊಂದಿಸುವ ಕಡ್ಡಿ) ಅಂಟಿನಿಂದ ಬಿಗಿಯಾಗಿದ್ದರೆ ಡೀಸೆಲ್ ಹಾಕಿ ನೆನೆಸಿ, ಬೆರಳಿನಿಂದ ಮೆಲ್ಲಗೆ ಆಡಿಸಬೇಕು; ಸುತ್ತಿಗೆಯಿಂದ ತಟ್ಟಿದ ಪಂಪು ಮತ್ತೆ ಸರಿಹೋಗುವುದು ಕಷ್ಟ.

ಪೈಪಿನಲ್ಲಿ ಏರ್ ಹಿಡಿದಿದ್ದರೆ ಎಷ್ಟು ತಿರುಗಿಸಿದರೂ ನಾಝಲ್ ಡೀಸೆಲ್ ಸಿಂಪಡಿಸದು, ಏಕೆಂದರೆ ಪಂಪಿನ ಒತ್ತಡವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ಮುಗಿಯುತ್ತದೆ. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಹರಿಯುವವರೆಗೆ ಬಿಟ್ಟು ಬಿಗಿಯಬೇಕು. ಅನಂತರ ಪಂಪಿನ ಬಳಿಯೂ ಹಾಗೆಯೇ ಮಾಡಬೇಕು. ಕೊನೆಗೆ ನಾಝಲ್ ಕಡೆಯ ಪೈಪಿನ ನಟ್ ಸಡಿಲಿಸಿ, ವಾಲ್ವ್ ತೆರೆದಿಟ್ಟು ಗಾಳಿಯ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ ಇಂಜಿನ್ ತಿರುಗಿಸಿ, ಡೀಸೆಲ್ ಚಿಮ್ಮಿದೊಡನೆ ನಟ್ ಬಿಗಿಯಬೇಕು. ಮತ್ತೆ ತಿರುಗಿಸಿದಾಗ ನಾಝಲ್ಲಿನಿಂದ ಕ್ರರ್ ಕ್ರರ್ ಎಂಬ ಸ್ಪಷ್ಟ ಸದ್ದು ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ ಎಂದರ್ಥ. ಹ್ಯಾಂಡಲ್ ಹೊಡೆಯುವವರು ಮೊದಲು ಕಲಿಯಬೇಕಾದದ್ದು ಈ ಸದ್ದನ್ನೇ.

ಸದ್ದು ಬರದಿದ್ದರೆ ಅಥವಾ ಮಂಕಾಗಿದ್ದರೆ ನಾಝಲ್ ಕಳಚಿ, ಅದೇ ಪೈಪಿಗೆ ಹೊರಮುಖವಾಗಿ ಜೋಡಿಸಿ ಸಿಂಪಡಣೆ ನೋಡಬಹುದು. ಅದು ನುಣ್ಣನೆಯ ಮಂಜಿನಂತಿದ್ದು ತೊಟ್ಟಿಕ್ಕದೆ ನಿಲ್ಲಬೇಕು. ಆ ಸಿಡಿತದ ಮುಂದೆ ಕೈಯೊಡ್ಡಲೇಬಾರದು: ಅಷ್ಟು ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ, ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ನಾಝಲ್ ತುದಿಯ ಕರಿಯನ್ನು ಹಿತ್ತಾಳೆಯ ಬ್ರಷ್‌ನಿಂದ ತೆಗೆಯಬಹುದು, ಆದರೆ ರಂಧ್ರಕ್ಕೆ ಉಕ್ಕಿನ ತಂತಿ ತುರುಕಬಾರದು. ಒತ್ತಡ ಹೊಂದಿಸುವ ಕೆಲಸ ಟೆಸ್ಟರ್ ಇರುವ ಡೀಸೆಲ್ ಪಂಪ್ ಅಂಗಡಿಯವರದು. ಮರಳಿ ಕೂಡಿಸುವಾಗ ಹಳೆಯ ತಾಮ್ರದ ವಾಷರ್ ಕುಳಿಯಲ್ಲಿಯೇ ಉಳಿದಿಲ್ಲವೆಂದು ನೋಡಿಕೊಳ್ಳಬೇಕು.

ಡೀಸೆಲ್ ಸರಿಯಿದ್ದರೆ ಮುಂದಿನದು ಕಂಪ್ರೆಷನ್. ಸ್ಟಾಪ್ ಲಿವರನ್ನು ಬಂದ್ ಮಾಡಿ, ಡಿಕಂಪ್ರೆಷನ್ ಲಿವರ್ ಇಳಿಸಿ, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಒಂದು ಕಡೆ ಗಟ್ಟಿಯಾಗಿ ತಡೆದು ಹಿಂದಕ್ಕೆ ಪುಟಿಯಬೇಕು. ಸಲೀಸಾಗಿ ದಾಟಿದರೆ ಗಾಳಿ ಎಲ್ಲಿಯೋ ಸೋರುತ್ತಿದೆ. ಏರ್ ಫಿಲ್ಟರಿನಲ್ಲಿ ಉಸ್ ಎಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ಪಿಸ್ಟನ್ ರಿಂಗು, ಇಂಜಿನ್ ತಂಪು ಮಾಡುವ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ನಾಝಲ್ ಕುಳಿಯಿಂದ ಒಂದೆರಡು ಚಮಚ ಇಂಜಿನ್ ಆಯಿಲ್ ಹಾಕಿ, ಡಿಕಂಪ್ರೆಷನ್ ಲಿವರ್ ಎತ್ತಿಯೇ ಕೆಲವು ಸುತ್ತು ತಿರುಗಿಸಿ, ನಾಝಲ್ ಕೂಡಿಸಿ ಮತ್ತೆ ನೋಡಿದಾಗ ತಡೆ ಹೆಚ್ಚಿದರೆ ರಿಂಗು ಸವೆದಿದೆ ಅಥವಾ ಅಂಟಿದೆ. ಇದಕ್ಕಿಂತ ಹೆಚ್ಚು ಆಯಿಲ್ ಹಾಕಬಾರದು. ವಾಲ್ವಿನ ದೋಷಕ್ಕೆ ಹೆಡ್ ಬಿಚ್ಚುವ ಮೊದಲು ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಟ್ಯಾಪೆಟ್ ಅಂತರವನ್ನು ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಅಳೆಯಬೇಕು. ಅಂತರವೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಡೀಸೆಲ್ ಬೀಳುವ ಕ್ಷಣ, ಅಂದರೆ ಟೈಮಿಂಗ್, ತಾನಾಗಿ ಕೆಡುವುದು ಅಪರೂಪ. ಯಾರಾದರೂ ಪಂಪು ಅಥವಾ ಗೇರು ಬಿಚ್ಚಿದ್ದರೆ ಮಾತ್ರ ಫ್ಲೈವೀಲ್ ಮೇಲಿನ ಗುರುತಿಗೂ ಪಂಪು ಡೀಸೆಲ್ ಒತ್ತಲು ಆರಂಭಿಸುವ ಕ್ಷಣಕ್ಕೂ ಹೊಂದಿಕೆಯಿದೆಯೇ ಎಂದು ನೋಡಿಸಬೇಕು.

ಪ್ರವಾಹದಲ್ಲಿ ಮುಳುಗಿದ ಇಂಜಿನ್ನಿನ ರೀತಿಯೇ ಬೇರೆ. 2019ರ ಆಗಸ್ಟ್ ತಿಂಗಳ ನೆರೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿದಂಡೆಗಳನ್ನು ಮುಳುಗಿಸಿದ್ದನ್ನು ಕಂಡವರಿಗೆ ಈ ಎಚ್ಚರ ಅಗತ್ಯ. ಅಂಥ ಇಂಜಿನ್ನಿಗೆ ನೇರವಾಗಿ ಹ್ಯಾಂಡಲ್ ಹಾಕಿದರೆ ಸಿಲಿಂಡರಿನ ನೀರು ಕುಗ್ಗದೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲು ನಾಝಲ್ ಕಳಚಿ, ಏರ್ ಫಿಲ್ಟರ್ ತೆಗೆದು, ಆಯಿಲ್ ಪೂರ್ತಿ ಇಳಿಸಿ, ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು. ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ಕೆಸರು ತೊಳೆದು ಹೊಸ ಆಯಿಲ್ ಹಾಕಿದ ಮೇಲೆಯೇ ಮುಂದಿನ ಪ್ರಯತ್ನ.

ಇಂಜಿನ್ ಚಾಲೂ ಆದ ಮೇಲೆ ಕೆಲವು ನಿಮಿಷ ಲೋಡ್ ಇಲ್ಲದೆ ಓಡಿಸಿ ಹೊಗೆಯನ್ನು ಗಮನಿಸಬೇಕು. ತಣ್ಣಗಿರುವಾಗ ಬಿಳಿ ಹೊಗೆ ಬಂದು ಬಿಸಿಯಾದಂತೆ ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ಆಯಿಲ್ ಸುಡುವುದನ್ನೂ, ಬಿಡದ ಕಪ್ಪು ಹೊಗೆ ನಾಝಲ್ ಅಥವಾ ಏರ್ ಫಿಲ್ಟರಿನ ದೋಷವನ್ನೂ ಸೂಚಿಸುತ್ತದೆ. ಮತ್ತೆ ನಿಲ್ಲಿಸಿಡುವಾಗ ಟ್ಯಾಂಕನ್ನು ತುಂಬಿಸಿ, ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚಿ, ತಿಂಗಳಿಗೊಮ್ಮೆ ಲಿವರ್ ಎತ್ತಿ ಫ್ಲೈವೀಲನ್ನು ಕೈಯಿಂದ ತಿರುಗಿಸಿಡಬೇಕು.