ಬ್ಯಾನರ್ ಬಿಟ್ಟು ತಾಂಡಾಕ್ಕೆ ಹೋದ ಮೇಲೆ

ಕಲಬುರಗಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ರೋಟರಿ ಕ್ಲಬ್ ಸೇರಿದ ಮೊದಲ ವರ್ಷವೇ ಪಲ್ಸ್ ಪೋಲಿಯೊ ಕೆಲಸ ನನ್ನ ಪಾಲಿಗೆ ಬಂತು. ಶಾಮಿಯಾನ ಹಾಕಿಸಿದೆ, ಬ್ಯಾನರ್ ಕಟ್ಟಿಸಿದೆ, ಎಲ್ಲರಿಗೂ ಸುಸಲಾ ಮಾಡಿಸಿದೆ. ಉದ್ಘಾಟನೆಗೆ ಕರೆದ ಅತಿಥಿ ಬರಲಿ ಅಂತ ಒಂದೂವರೆ ಗಂಟೆ ಹನಿ ಹಾಕಿಸದೆ ಕಾದೆ. ಅದು ತೊಗರಿ ರಾಶಿಯ ಕಾಲ. ಕೂಲಿಗೆ ಹೋಗುವ ತಾಯಂದಿರು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮಕ್ಕಳನ್ನು ಬಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ಕಾಯೋಣ ಅಂದವನು ನಾನು, ತಪ್ಪು ನನ್ನದೇ.

"ಅಣ್ಣಾರ, ಇವರು ಈಗ ಹೋದ್ರ ಸಂಜಿ ತನಕ ಸಿಗಂಗಿಲ್ರಿ" ಅಂದರು ಆಶಾ ಅಕ್ಕ. ಮುಂದಿನ ಮೂರು ದಿನ ಆ ಮಕ್ಕಳನ್ನು ಮನೆ ಮನೆ ತಿರುಗಿ ಹುಡುಕಿದವರು ಅವರೇ.

ಮರುವರ್ಷ ಉದ್ಘಾಟನೆ ಕೈಬಿಟ್ಟೆವು. ಹಿಂದಿನ ದಿನ ಸಂಜೆಯೇ ಆಶಾ ಅಕ್ಕನ ಜೊತೆ ತಾಂಡಾಕ್ಕೆ ಹೋಗಿ ನಾಯಕರನ್ನು ಕಂಡೆವು. ಒಂದೇ ಪ್ರಶ್ನೆ ಕೇಳಿದ್ದು: ಬೆಳಗ್ಗೆ ಎಷ್ಟೊತ್ತಿಗೆ ಕೆಲಸಕ್ಕೆ ಹೊರಡುತ್ತೀರಿ? "ಏಳಕ್ಕ ಟಂಟಂ ಬರ್ತದ, ಅದರಕಿಂತ ಮೊದಲ ಬರ್ರಿ" ಅಂದರು. ಆರೋಗ್ಯ ಇಲಾಖೆಯ ಸಿಸ್ಟರ್ ಒಪ್ಪಿದರು. ಆರೂವರೆಗೆ ತಾಂಡಾದ ಕಟ್ಟೆಯ ಮೇಲೆ ಲಸಿಕೆ ಡಬ್ಬಿ ಇತ್ತು. ಕಣ್ಣುಜ್ಜಿಕೊಂಡು ಬಂದ ಮಕ್ಕಳು ಬಾಯಿ ತೆರೆದರು. ಟಂಟಂ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಆ ಡಬ್ಬಿ ಬಗ್ಗೆ ಸ್ವಲ್ಪ ಹೇಳಬೇಕು, ಕ್ಲಬ್‌ನವರು ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ. ಪೋಲಿಯೊ ಹನಿ ಬಿಸಿ ತಾಗಿದರೆ ಕೆಡುತ್ತದೆ. ಡಬ್ಬಿಯಲ್ಲಿ ನಾಲ್ಕು ಕಡೆ ಐಸ್‌ಪ್ಯಾಕ್ ಇರುತ್ತದೆ, ನಡುವೆ ಬಾಟಲಿ. ಪ್ರತಿ ಬಾಟಲಿಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಬಿಸಿ ತಾಗಿದಷ್ಟೂ ಕಪ್ಪಾಗುವ ಒಂದು ಚೌಕ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಹಾಕಬಹುದು. ಎರಡೂ ಒಂದೇ ಬಣ್ಣವಾದರೆ, ಅಥವಾ ಚೌಕವೇ ಕಪ್ಪಾದರೆ ಆ ಬಾಟಲಿ ಬಿಟ್ಟುಬಿಡಬೇಕು. ಹನಿ ಹಾಕುವುದು ನಮ್ಮ ಕೆಲಸ ಅಲ್ಲ, ಅದಕ್ಕೆ ತರಬೇತಿ ಪಡೆದವರಿದ್ದಾರೆ. ನಾವು ಮಾಡಿದ್ದು ಇಷ್ಟೇ: ಇಬ್ಬರು ಸದಸ್ಯರು ಮಧ್ಯಾಹ್ನ ಬೈಕ್‌ನಲ್ಲಿ ಹೊಸ ಐಸ್‌ಪ್ಯಾಕ್ ತಂದುಕೊಟ್ಟರು, ಜೊತೆಗೆ ರೊಟ್ಟಿ ಬುತ್ತಿ. ಇಡೀ ದಿನ ಬಿಸಿಲಲ್ಲಿ ತಿರುಗುವವರಿಗೆ ಊಟ ಎಲ್ಲಿ ಅಂತ ಅದುವರೆಗೆ ನಾವ್ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಆದರೆ ಗೋಡೆಗೆ 'ಪಿ' ಅಂತ ಬರೆಯುತ್ತಾರೆ. ಒಂದು ಮಗು ಬಿಟ್ಟರೂ 'ಎಕ್ಸ್'. ನಾನು ಈಗ ನೋಡುವುದು ಎಕ್ಸ್ ಬಿದ್ದ ಮನೆಗಳನ್ನು ಮಾತ್ರ. ಬೇಡ ಅನ್ನುವವರು ನನಗೆ ಸಿಕ್ಕಿದ್ದು ಕಮ್ಮಿ. ಜಾಸ್ತಿ ಮನೆಗಳಲ್ಲಿ ಮಗು ಇರಲೇ ಇಲ್ಲ, ಅಪ್ಪ ಅಮ್ಮನ ಜೊತೆ ಮುಂಬೈಗೋ ಪುಣೆಗೋ ದುಡಿಯಲು ಹೋಗಿತ್ತು.

ಅದಕ್ಕೇ ರೈಲ್ವೆ ಸ್ಟೇಷನ್‌ನ ತಂಡದ ಜೊತೆ ನಿಂತೆವು. ಗಂಟು ಮೂಟೆ ಹೊತ್ತ ತಾಯಿ "ಹಾಕ್ಸೀನ್ರಿ" ಅನ್ನುತ್ತಾಳೆ. ಮಗುವಿನ ಎಡಗೈ ಕಿರುಬೆರಳು ನೋಡಬೇಕು. ಮಸಿ ಇಲ್ಲದಿದ್ದರೆ ಅಲ್ಲೇ ಎರಡು ಹನಿ. ಹೆಚ್ಚಿಗೆ ಬಿದ್ದರೆ ತೊಂದರೆ ಇಲ್ಲ ಅಂತ ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಹೇಳಲು ಕಲಿತೆವು.

ಇನ್ನು ದುಡ್ಡಿನ ಮಾತು. ಪೋಲಿಯೊ ನಿಧಿಗೆ ಚಂದಾ ಎತ್ತೋಣ ಅಂದಾಗ ಒಬ್ಬ ಸದಸ್ಯರು ಕೇಳಿದರು: ನಮ್ಮಲ್ಲೇ ಶಾಲೆಗೆ ಬೆಂಚ್ ಇಲ್ಲ, ಪಾಕಿಸ್ತಾನ, ಅಫ್ಘಾನಿಸ್ತಾನಕ್ಕೆ ಯಾಕೆ ಕೊಡಬೇಕು? ಪ್ರಶ್ನೆ ಸರಿಯಾಗೇ ಇತ್ತು. ನಾನು ಲೆಕ್ಕ ಹೇಳಿದೆ. ರೋಟರಿ ಈ ಕೆಲಸಕ್ಕೆ ಇಳಿದಿದ್ದು 1985ರಲ್ಲಿ. 1988ರಲ್ಲಿ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಜನಕ್ಕೆ ಈ ರೋಗ ಬರುತ್ತಿತ್ತು. 2009ರಲ್ಲಿ ಭಾರತ ಒಂದರಲ್ಲೇ 741. ಆಗ ಬೇರೆ ಬೇರೆ ದೇಶಗಳ ರೋಟರಿಯವರು ದುಡ್ಡು ಕೊಟ್ಟರು, ಕೆಲವರು ಇಲ್ಲಿಗೇ ಬಂದು ನಮ್ಮ ಮಕ್ಕಳಿಗೆ ಹನಿ ಹಾಕಿದರು. ನಮ್ಮ ಕೊನೆಯ ಕೇಸ್ 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಕಾಡು ವೈರಸ್, ಅಂದರೆ ಸಹಜವಾಗಿ ಹರಡುವ ಪೋಲಿಯೊ ವೈರಸ್, ಈಗ ಬೇರು ಬಿಟ್ಟಿರುವುದು ಪಾಕಿಸ್ತಾನ, ಅಫ್ಘಾನಿಸ್ತಾನ ಈ ಎರಡು ದೇಶಗಳಲ್ಲಿ. ವೈರಸ್ಸೂ ಮನುಷ್ಯರ ಜೊತೆಗೇ ಊರೂರು ತಿರುಗುತ್ತದೆ, ಸ್ಟೇಷನ್‌ನಲ್ಲಿ ನಿಂತವರಿಗೆ ಅದು ಅರ್ಥವಾಗುತ್ತದೆ. ರೋಟರಿ ವರ್ಷಕ್ಕೆ 5 ಕೋಟಿ ಡಾಲರ್ ಕೂಡಿಸಿದರೆ ಗೇಟ್ಸ್ ಫೌಂಡೇಶನ್ ಅದರ ಎರಡರಷ್ಟು ಸೇರಿಸುತ್ತದೆ. ಅಂದರೆ ನಮ್ಮ ಒಂದು ರೂಪಾಯಿ ಮೂರಾಗುತ್ತದೆ.

ಲೆಕ್ಕಕ್ಕಿಂತ ಹೆಚ್ಚು ಕೆಲಸ ಮಾಡಿದವನು ನಮ್ಮಣ್ಣ. ಎರಡು ವರ್ಷದವನಿದ್ದಾಗ ಅವನಿಗೆ ಪೋಲಿಯೊ ಬಂತು. ಈಗಲೂ ಬಲ ಮೊಣಕಾಲಿಗೆ ಕೈ ಊರಿ ನಡೆಯುತ್ತಾನೆ. ಅವನಿಗೆ ಗಂಜ್‌ನಲ್ಲಿ ಅಡತಿ ಅಂಗಡಿ ಇದೆ. ಅಕ್ಟೋಬರ್ 24, ವಿಶ್ವ ಪೋಲಿಯೊ ದಿನದಂದು ಸಾವಕಾರರ ಹತ್ತಿರ ನನ್ನ ಜೊತೆ ತಾನೇ ಬಂದ. ಭಾಷಣ ಮಾಡಲಿಲ್ಲ. "ಒಂದು ಚೀಲ ತೊಗರಿ ರೊಕ್ಕ ಕೊಡ್ರಿ" ಅಂದ, ಅಷ್ಟೇ. ಅವನು ಅಂಗಡಿಯಿಂದ ಅಂಗಡಿಗೆ ನಡೆಯುವುದನ್ನು ಎಲ್ಲರೂ ನೋಡುತ್ತಿದ್ದರು.

ಈಗ ಊರ ಹೊರಗಿನ ಇಟ್ಟಂಗಿ ಭಟ್ಟಿಗಳಿಗೂ ಹೋಗುತ್ತೇವೆ. ಅಲ್ಲಿನ ಮಕ್ಕಳ ಹೆಸರು ಎಷ್ಟೋ ಸಲ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹನಿ ಒಂದೇ ಸಾಲದು, 6 ವಾರ, 14 ವಾರ, 9 ತಿಂಗಳಿಗೆ ಪೋಲಿಯೊ ಚುಚ್ಚುಮದ್ದೂ ಇದೆ. ತಾಯಿ ಕಾರ್ಡ್ ಕೇಳುತ್ತೇವೆ. ಇಲ್ಲ ಅಂದರೆ ಮಗುವಿನ ಹೆಸರು, ವಯಸ್ಸು, ಭಟ್ಟಿಯ ಜಾಗ ಬರೆದುಕೊಂಡು ಅದೇ ಸಂಜೆ ಆಶಾ ಅಕ್ಕನ ಕೈಗೆ ಕೊಡುತ್ತೇನೆ. ಹೋದ ಸಲ ಒಂದೇ ಭಟ್ಟಿಯಲ್ಲಿ ಅಂಥ ಹನ್ನೊಂದು ಹೆಸರು ಸಿಕ್ಕವು.